ತುಕ್ಕು ಹಿಡಿದ ಕೆತ್ತನೆ ಉಳಿ: ಕೆಲಸ ದೋಣಿಯಿಂದ ಶುರುವಾಗಲಿ

ಬಾಗುಳಿಯ, ಅಂದರೆ ಅಲಗು ಅಡ್ಡಲಾಗಿ ಬಾಗಿರುವ ಕೆತ್ತನೆ ಉಳಿಯ, ಬಾಯಿ ಎಂದರೆ ಎರಡು ಮೈಗಳು ಕೂಡುವ ಗೆರೆ. ಹೊರಗೆ ಇಳಿಜಾರಾಗಿ ಮಸೆದ ಓರೆ ಒಂದು ಮೈ, ಒಳಗಿನ ಕಾಲುವೆಯಂಥ ತಗ್ಗು, ಅಂದರೆ ದೋಣಿ, ಇನ್ನೊಂದು. ಹಳೆ ಉಳಿ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಹೊರಗಿನ ಓರೆಯನ್ನು ಗ್ರೈಂಡರಿಗೆ ಒಡ್ಡಿ ಕಿಡಿ ಹಾರಿಸುತ್ತಾರೆ. ದೋಣಿಯೊಳಗೆ ತುಕ್ಕು ತಿಂದ ಗುಳಿಗಳು ಹಾಗೇ ಉಳಿಯುತ್ತವೆ. ಆಮೇಲೆ ಎಷ್ಟು ಮಸೆದರೂ ಅಂಚು ಯಾವುದಾದರೊಂದು ಗುಳಿಯ ಮೇಲೇ ಬಂದು ನಿಲ್ಲುತ್ತದೆ, ಕೆತ್ತಿದ ಕಡೆಯೆಲ್ಲ ಗೀರು ಬೀಳುತ್ತದೆ. ಉಕ್ಕು ಚೆನ್ನಾಗಿಲ್ಲ ಎಂದು ಉಳಿಯನ್ನು ಮೂಲೆಗೆ ಎಸೆಯುವುದು ಆಗಲೇ. ತಪ್ಪು ಉಕ್ಕಿನದಲ್ಲ. ಅರ್ಧ ಬಾಯಿಯನ್ನು ಯಾರೂ ಮುಟ್ಟಿಲ್ಲ, ಅಷ್ಟೇ.

ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ, ಹಳೆ ಮರಗೆಲಸದ ಪೆಟ್ಟಿಗೆಗಳಲ್ಲಿ, ಅಜ್ಜನ ಕಾಲದ ಅಟ್ಟದ ಮೇಲೆ ಸಿಗುವ ಕೆತ್ತನೆ ಉಳಿಗಳಲ್ಲಿ ಎರಡು ಬಗೆ. ಒಂದು, ಊರಿನ ಕುಲುಮೆಯಲ್ಲಿ ಹಳೆ ಅರ ಅಥವಾ ಸ್ಪ್ರಿಂಗ್ ಉಕ್ಕಿನಿಂದ ಬಡಿದವು. ಇನ್ನೊಂದು, ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಲಂಡನ್ನಿನ ಮುದ್ರೆ ಇರುವವು: ಆಡಿಸ್, ಹೆರಿಂಗ್ ಬ್ರದರ್ಸ್, ಮಾರ್ಪಲ್ಸ್, ಸೋರ್ಬಿ. ಕೆಲವು ಆಡಿಸ್ ಉಳಿಗಳ ಮೇಲೆ 1851ರ ಲಂಡನ್ ಮಹಾಪ್ರದರ್ಶನದ ಪದಕದ ಉಲ್ಲೇಖವೂ ಇರುತ್ತದೆ. 'ಕ್ಯಾಸ್ಟ್ ಸ್ಟೀಲ್' ಎಂಬ ಮುದ್ರೆ ಕಂಡು ಬೀಡುಕಬ್ಬಿಣ ಎಂದುಕೊಂಡು ಬಿಟ್ಟುಬಿಡಬೇಡಿ. ಅದು ಮೂಸೆಯಲ್ಲಿ ಕರಗಿಸಿದ ಒಳ್ಳೆಯ ಇಂಗಾಲದ ಉಕ್ಕು. ಹಿಡಿಯ ಹತ್ತಿರ ಚಿಕ್ಕ ಅಂಕಿಯೊಂದು ಇದ್ದರೆ ಅದು ಶೆಫೀಲ್ಡ್ ಪಟ್ಟಿಯ ಸಂಖ್ಯೆ. ನೇರ ಬಾಗುಳಿಗಳಲ್ಲಿ 3 ಎಂದರೆ ಹೆಚ್ಚೂಕಡಿಮೆ ಚಪ್ಪಟೆ, 9 ಎಂದರೆ ಅರ್ಧವೃತ್ತ, 11 ಎಂದರೆ ಆಳವಾದ ಯು ಆಕಾರ. 39 ವಿ ಉಳಿ. ತುಕ್ಕು ತೆಗೆಯುವಾಗ ಈ ಮುದ್ರೆಗಳನ್ನು ಉಜ್ಜಿ ಅಳಿಸಬೇಡಿ. ಉಳಿಯ ಬಾಗು ಎಷ್ಟಿತ್ತೆಂದು ಮುಂದೆ ತಿಳಿಯುವುದು ಅದರಿಂದಲೇ.

ಕೊಳ್ಳುವ ಮುನ್ನ ಮೂರು ವಿಷಯ ನೋಡಿ.

ಮೊದಲನೆಯದು, ಉಳಿದಿರುವ ಉದ್ದ. ಕುಲುಮೆಯ ಉಳಿಗಳಲ್ಲಿ ಹದ ಹಾಕಿರುವುದು, ಅಂದರೆ ಕಾಯಿಸಿ ಅದ್ದಿ ಗಡುಸು ಮಾಡಿರುವುದು, ಸಾಮಾನ್ಯವಾಗಿ ತುದಿಯ ಎರಡು ಮೂರು ಸೆಂಟಿಮೀಟರಿಗೆ ಮಾತ್ರ. ಅದು ಸವೆದಿದ್ದರೆ ಮಿಕ್ಕಿದ್ದು ಹದವಿಲ್ಲದ ಮೆತ್ತಗಿನ ಉಕ್ಕು. ಚಮಚದಂತೆ ಮುಂದಕ್ಕೆ ಬಾಗಿದ ಉಳಿಗಳಲ್ಲಂತೂ ಬಾಗಿನ ಮುಂದೆ ಇರುವ ಲೋಹವೇ ಕಡಿಮೆ. ಎರಡನೆಯದು, ಹದ. ಒಂದು ನುಣುಪು ಅರವನ್ನು ಬಾಯಿಯ ಹತ್ತಿರ ಹಗುರವಾಗಿ ಎಳೆಯಿರಿ. ಅರ ಜಾರಿದರೆ ಹದ ಇದೆ. ಕಚ್ಚಿ ಪುಡಿ ಉದುರಿಸಿದರೆ ಹದ ಹೋಗಿದೆ. ತುದಿಯಲ್ಲಿ ನೀಲಿ ಛಾಯೆ ಕಂಡರೆ ಯಾರೋ ಗ್ರೈಂಡರಿನಲ್ಲಿ ಸುಟ್ಟಿದ್ದಾರೆ ಎಂದರ್ಥ. ನೀಲಿ ಮೂರ್ನಾಲ್ಕು ಮಿಲಿಮೀಟರಿನಷ್ಟೇ ಇದ್ದರೆ ಅಷ್ಟನ್ನು ತೇಯ್ದು ಕಳೆಯಬಹುದು. ಮೂರನೆಯದು ದೋಣಿ. ಬೆರಳುಗುರನ್ನು ದೋಣಿಯೊಳಗೆ ಹಿಂದಿನಿಂದ ಬಾಯಿಯತ್ತ ಎಳೆಯಿರಿ. ಕೊನೆಯ 15 ಮಿಲಿಮೀಟರಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿಗಳಿದ್ದರೆ ಕೆಲಸ ದೊಡ್ಡದು. ಬರೀ ಕಪ್ಪು ಕಲೆಯಾದರೆ ಚಿಂತೆಯಿಲ್ಲ. ಹಿಡಿ ಒಡೆದಿರುವುದು, ಬಾಯಿ ಹಲ್ಲುಹಲ್ಲಾಗಿರುವುದು ಲೆಕ್ಕಕ್ಕೇ ಇಲ್ಲ. ಬೆಲೆ ಇಳಿಸಲು ಅವೇ ಒಳ್ಳೆಯ ನೆಪ.

ತುಕ್ಕು

ತೆಳುವಾದ ತುಕ್ಕಿಗೆ ಸೀಮೆಎಣ್ಣೆ ಮತ್ತು ಉಕ್ಕಿನ ನಾರು ಸಾಕು. ಒಂದು ರಾತ್ರಿ ಸೀಮೆಎಣ್ಣೆ ಹಚ್ಚಿಟ್ಟು ಬೆಳಗ್ಗೆ ಉದ್ದುದ್ದಕ್ಕೆ ಉಜ್ಜಿ. ದಪ್ಪ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆಹುಳಿ ಪುಡಿ, ಅಂದರೆ ಸಿಟ್ರಿಕ್ ಆಮ್ಲ, 1 ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಬಿಳಿ ವಿನೆಗರ್ ಕೂಡ ಆಗುತ್ತದೆ, ಆದರೆ ನಿಧಾನ. ಪ್ಲಾಸ್ಟಿಕ್ ಲೋಟದಲ್ಲಿ ಉಳಿಯನ್ನು ಅಲಗಿನ ಮಟ್ಟಕ್ಕೆ ಮಾತ್ರ ಮುಳುಗುವಂತೆ ತೂಗುಹಾಕಿ. ಹಿಡಿಗೆ ನೀರು ತಾಗಿದರೆ ಮರ ಉಬ್ಬಿ ಬಿರುಕು ಬಿಡುತ್ತದೆ. ಗಂಟೆಗೊಮ್ಮೆ ಹೊರತೆಗೆದು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿ. ಹೆಚ್ಚಿನ ಉಳಿಗಳಿಗೆ ಮೂರರಿಂದ ನಾಲ್ಕು ಗಂಟೆ ಸಾಕು. ಮರೆತು ಎರಡು ದಿನ ಬಿಟ್ಟರೆ ಆಮ್ಲ ತುಕ್ಕು ಮುಗಿಸಿ ಒಳ್ಳೆಯ ಉಕ್ಕನ್ನೇ ತಿನ್ನಲು ಶುರುಮಾಡುತ್ತದೆ, ಮೈ ಬೂದಾಗಿ ಒರಟಾಗುತ್ತದೆ.

ತೆಗೆದ ಕೂಡಲೇ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ. 1 ಲೀಟರಿಗೆ ಒಂದು ದೊಡ್ಡ ಚಮಚ ಸೋಡಾ ಸಾಕು. ಕುದಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಆಗಲೇ ಎಣ್ಣೆ ಹಚ್ಚಿ. ಆಮ್ಲದಿಂದ ಬಂದ ಬರೀ ಉಕ್ಕು ಹತ್ತೇ ನಿಮಿಷದಲ್ಲಿ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗಬಲ್ಲದು. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಚಕ್ರದಿಂದ ತುಕ್ಕು ಬೇಗ ಹೋಗುವುದು ನಿಜ, ಆದರೆ ಅದು ಮುದ್ರೆಯನ್ನೂ ಅಂಚುಗಳನ್ನೂ ಮೊಂಡು ಮಾಡುತ್ತದೆ. ತಂತಿ ಕಿತ್ತು ಕಣ್ಣಿಗೂ ಹಾರುತ್ತದೆ. ಅಲಗಿನ ಹೊರಮೈಯ ಕಪ್ಪು ಛಾಯೆ ಪೂರ್ತಿ ಹೋಗಬೇಕೆಂದೇನಿಲ್ಲ. ಅದನ್ನು ಕನ್ನಡಿಯಂತೆ ಹೊಳೆಸಿದರೆ ಕೆತ್ತನೆಗೆ ಯಾವ ಲಾಭವೂ ಇಲ್ಲ.

ಹಿಡಿ

ಹಿಡಿ ಗಟ್ಟಿಯಾಗಿದ್ದರೆ ಮುಟ್ಟಬೇಡಿ. ಅಲುಗುತ್ತಿದ್ದರೆ ಅಲಗನ್ನು ಮರದ ತುಂಡುಗಳ ನಡುವೆ ವೈಸಿನಲ್ಲಿ ಹಿಡಿದು, ಹಿಡಿಯನ್ನು ಕೊಡತಿಯಿಂದ ಹಿಂದಕ್ಕೆ ತಟ್ಟಿ ಬಿಡಿಸಿ. ಹೊಸ ಹಿಡಿಗೆ ಜಾಲಿ, ಸೀಬೆ, ಹುಣಸೆಯಂಥ ಗಟ್ಟಿ ಮರ, ಚೆನ್ನಾಗಿ ಒಣಗಿದ್ದು. ಉದ್ದ 110ರಿಂದ 125 ಮಿಲಿಮೀಟರ್. ಎಂಟು ಮೂಲೆಯ ಹಿಡಿ ಮೇಜಿನ ಮೇಲೆ ಉರುಳುವುದಿಲ್ಲ. ಉಳಿ ಎಷ್ಟು ತಿರುಗಿದೆ ಎಂಬುದನ್ನೂ ಕೈಗೆ ತಿಳಿಸುತ್ತದೆ.

ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಭಾಗ, ಚೌಕವಾಗಿ, ತುದಿಗೆ ಕಿರಿದಾಗುತ್ತ ಹೋಗುತ್ತದೆ. ಹಾಗಾಗಿ ತೂತೂ ಎರಡು ಹಂತದಲ್ಲಿರಬೇಕು. ಬಾಲ 50 ಮಿಲಿಮೀಟರ್ ಉದ್ದ, ಬುಡದಲ್ಲಿ 7, ತುದಿಯಲ್ಲಿ 3 ಮಿಲಿಮೀಟರ್ ದಪ್ಪ ಇದ್ದರೆ, ಮೊದಲು 3 ಮಿಲಿಮೀಟರ್ ಡ್ರಿಲ್ಲಿನಿಂದ ಪೂರ್ತಿ ಆಳಕ್ಕೆ, ಆಮೇಲೆ 5 ಮಿಲಿಮೀಟರ್ ಡ್ರಿಲ್ಲಿನಿಂದ ಅರ್ಧ ಆಳಕ್ಕೆ ಕೊರೆಯಿರಿ. ಬಾಲವನ್ನು ಕೈಯಿಂದ ತಿರುಗಿಸುತ್ತ ಒತ್ತಿದರೆ ಅದು ತನ್ನ ಜಾಗ ತಾನೇ ಕೆರೆದುಕೊಳ್ಳುತ್ತದೆ. ಭುಜಕ್ಕೂ (ಬಾಲದ ಬುಡದಲ್ಲಿ ಅಲಗು ಅಗಲವಾಗುವ ಜಾಗ) ಹಿಡಿಗೂ 5 ಅಥವಾ 6 ಮಿಲಿಮೀಟರ್ ಅಂತರ ಉಳಿದಾಗ ನಿಲ್ಲಿಸಿ, ಅಲಗನ್ನು ವೈಸಿನಲ್ಲಿ ಭುಜದ ಕೆಳಗೆ ಹಿಡಿದು ಹಿಡಿಯ ಹಿಂಬದಿಗೆ ಹೊಡೆದು ಕೂರಿಸಿ. ಅಂಟು ಬೇಕಿಲ್ಲ. ತೂತು ಓರೆಯಾದರೆ ಉಳಿ ಹಿಡಿಗೆ ನೇರವಾಗಿ ನಿಲ್ಲುವುದಿಲ್ಲ, ಮಸೆಯುವಾಗಲೂ ಕೆತ್ತುವಾಗಲೂ ಕಾಡುತ್ತದೆ. ಆದ್ದರಿಂದ ಮೊದಲು ಚೌಕ ತುಂಡಿಗೆ ತೂತು ಕೊರೆದು, ಅಲಗು ಕೂರಿಸಿ ನೋಡಿ, ಆಮೇಲೆ ಹಿಡಿಯ ಹೊರಮೈಯನ್ನು ಅಲಗಿನ ನೇರಕ್ಕೆ ರೂಪಿಸುವುದು ಜಾಣತನ. ಕೊಡತಿ ಪೆಟ್ಟು ತಿನ್ನುವ ಉಳಿಯಾದರೆ ಅಲಗಿನ ಕಡೆಯ ತುದಿಗೆ ತಾಮ್ರದ ಕೊಳವೆಯ ತುಂಡೊಂದನ್ನು ಬಳೆಯಾಗಿ ಹಾಕಿ. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಚೂರುಗಳು ಸಿಗುತ್ತವೆ.

ದೋಣಿ

ಇಲ್ಲಿ ಸಮಯ ಕೊಡಿ. ಬಾಯಿಯಿಂದ ಹಿಂದಕ್ಕೆ 15 ಮಿಲಿಮೀಟರಿನಷ್ಟು ದೋಣಿ ನುಣುಪಾದರೆ ವರ್ಷಗಟ್ಟಲೆ ಸಾಕು, ಏಕೆಂದರೆ ಪ್ರತಿ ಸಲ ಮಸೆಯುವಾಗ ಸವೆಯುವುದು ಕೂದಲೆಳೆಯಷ್ಟು. ಅದರ ಹಿಂದಿನ ಭಾಗ ಕಪ್ಪಾಗಿಯೇ ಇರಲಿ.

ದೋಣಿಗೆ ಸರಿಯಾಗಿ ಹೊಂದುವ ಕಡ್ಡಿ ಬೇಕು. ಕಡ್ಡಿಯ ಬಾಗು ದೋಣಿಗಿಂತ ದೊಡ್ಡದಾದರೆ ಅದು ಎರಡು ಮೂಲೆಗಳನ್ನಷ್ಟೇ ಕೆರೆಯುತ್ತದೆ, ನಡು ಹಾಗೇ ಉಳಿಯುತ್ತದೆ. ತೀರಾ ಚಿಕ್ಕದಾದರೆ ದೋಣಿಯಲ್ಲಿ ಗೀರುಗಾಲುವೆ ತೋಡುತ್ತದೆ. ಸರಿ ಅಳತೆಯ ಕಡ್ಡಿ ಸಿಗದಿದ್ದರೆ ಎಂ-ಸೀಲ್ ಒಳ್ಳೆಯ ಉಪಾಯ. ದೋಣಿಯೊಳಗೆ ಒಂದು ಪದರ ವಾಟರ್ ಪೇಪರ್ (ನೀರಿನೊಂದಿಗೆ ಉಜ್ಜುವ ಉಪ್ಪುಕಾಗದ) ಹಾಸಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಕಲಸಿದ ಎಂ-ಸೀಲನ್ನು ಒತ್ತಿ. ಬೆನ್ನಿಗೆ ಹಿಡಿಯಲು ಒಂದು ಮರದ ಚೂರು ಅಂಟಿಸಿ. ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗುತ್ತದೆ. ಕಾಗದ ಹಾಸಿಯೇ ಅಚ್ಚು ತೆಗೆದದ್ದರಿಂದ, ಮುಂದೆ ಅಚ್ಚಿಗೆ ಕಾಗದ ಸುತ್ತಿದಾಗ ದಪ್ಪ ಸರಿಹೋಗುತ್ತದೆ. ಕಾಗದವಿಲ್ಲದೆ ಅಚ್ಚು ತೆಗೆದರೆ ಕಾಗದ ಸುತ್ತಿದ ಮೇಲೆ ಅದು ದೋಣಿಗೆ ಕೂರುವುದೇ ಇಲ್ಲ.

220 ನಂಬರ್ ಕಾಗದದಿಂದ ಶುರುಮಾಡಿ 400, 800, 1500ಕ್ಕೆ ಹೋಗಿ. ಸ್ವಲ್ಪ ನೀರು ಅಥವಾ ಎಣ್ಣೆ ಇರಲಿ. ಕಡ್ಡಿ ದೋಣಿಯ ತಳಕ್ಕೆ ಪೂರ್ತಿ ಮಲಗಿರಬೇಕು, ಉಜ್ಜುವ ದಿಕ್ಕು ಒಳಗಿನಿಂದ ಬಾಯಿಯ ಹೊರಕ್ಕೆ. ಎದುರು ದಿಕ್ಕಿನಲ್ಲಿ ತಳ್ಳಿದರೆ ಅಂಚು ಕಾಗದವನ್ನು ಸೀಳುತ್ತದೆ. ಬಾಯಿ ದಾಟುವಾಗ ಕೈ ಕೆಳಕ್ಕೆ ಬಾಗಿಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಹಾಗಾದರೆ ಅಂಚಿನ ಒಳಬದಿ ಉರುಟಾಗುತ್ತದೆ, ಕಣ್ಣಿಗೆ ಹೊಳೆಯುತ್ತದೆ, ಮರಕ್ಕೆ ಮಾತ್ರ ಕಚ್ಚುವುದಿಲ್ಲ. ಒಂದು ನಂಬರಿನ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬೇಡಿ. 220ರ ಗೀರನ್ನು 1500ರಲ್ಲಿ ತೆಗೆಯಲು ಹೊರಟರೆ ಸಂಜೆಯಾದರೂ ಮುಗಿಯುವುದಿಲ್ಲ.

ಗುಳಿ ತುಸು ಆಳವಾಗಿದ್ದರೆ ಇಡೀ ದೋಣಿಯನ್ನು ಅಷ್ಟು ಆಳಕ್ಕೆ ಸವೆಸುವ ಅಗತ್ಯವಿಲ್ಲ. ಒಳಗೂ ಒಂದು ಸಣ್ಣ ಓರೆ ಕೊಡಿ: ಸುಮಾರು 8ರಿಂದ 10 ಡಿಗ್ರಿ, 2 ಮಿಲಿಮೀಟರ್ ಉದ್ದ. ಆ ಓರೆ ಗುಳಿಗಳ ತಳಕ್ಕಿಂತ ಕೆಳಗೆ ಹಾದರೆ ಅಂಚಿಗೆ ಶುದ್ಧ ಉಕ್ಕು ಸಿಗುತ್ತದೆ. ಕೆತ್ತನೆ ಉಳಿಗೆ ಒಳ ಓರೆ ಹೇಗೂ ಒಳ್ಳೆಯದೇ. ಹೊರಗಿನ ಓರೆಯನ್ನು ತೆಳುವಾಗಿಟ್ಟು, ಅಂಚಿಗೆ ಬೇಕಾದ ಬಲವನ್ನು ಒಳಗಿನಿಂದ ಕೊಡಬಹುದು. ಉಬ್ಬು ಮೈ ಕೆತ್ತಲು ಉಳಿಯನ್ನು ಬೋರಲು ಹಿಡಿದಾಗ ಈ ಒಳ ಓರೆಯೇ ಮರದ ಮೇಲೆ ಆಧಾರವಾಗಿ ಜಾರುತ್ತದೆ.

ಬಿಳಿ ಗೆರೆ

ಈಗ ಬಾಯಿಯನ್ನು ನೇರ ಮಾಡಬೇಕು. ಉಳಿಯನ್ನು ಸಾಣೆಕಲ್ಲಿನ ಮೇಲೆ ಕಂಬದಂತೆ ಲಂಬವಾಗಿ ನಿಲ್ಲಿಸಿ, ಹಲ್ಲುಗಳೆಲ್ಲ ಹೋಗುವವರೆಗೆ ಹಿಂದೆ ಮುಂದೆ ಎಳೆಯಿರಿ. ಮಸೆಯಲು ಬಂದವರಿಗೆ ಇದು ಉಳಿಯನ್ನು ಕೆಡಿಸಿದಂತೆ ಕಾಣುತ್ತದೆ. ಆದರೆ ಮುಂದಿನ ಕೆಲಸಕ್ಕೆ ದಾರಿ ತೋರಿಸುವುದು ಇದೇ. ಬಾಯಿಯನ್ನು ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬಿಳಿ ಗೆರೆಯೊಂದು ಮಿನುಗುತ್ತದೆ. ಅದು ಮೊಂಡು ಅಂಚಿನಿಂದ ಹೊಮ್ಮುವ ಬೆಳಕು. ಗೆರೆ ದಪ್ಪ ಇರುವ ಕಡೆ ಹೆಚ್ಚು ಮಸೆಯಬೇಕು, ತೆಳು ಇರುವ ಕಡೆ ಕಡಿಮೆ. ಗೆರೆ ಮಾಯವಾದ ಕ್ಷಣ ಅಲ್ಲಿ ನಿಲ್ಲಿಸಬೇಕು. ನಿಲ್ಲಿಸದೆ ಮುಂದುವರಿದರೆ ಅಲ್ಲಿ ಬಾಯಿ ಹಿಂದಕ್ಕೆ ಸರಿದು ಅಲೆಯಾಗುತ್ತದೆ.

ಹೊರ ಓರೆಯ ಕೋನ ಮರವನ್ನು ನೋಡಿ ಇರಲಿ. ಶಿವನಿಯಂಥ ಮೆತ್ತಗಿನ ಮರಕ್ಕೆ, ಕೈಯಿಂದಲೇ ತಳ್ಳುವ ಉಳಿಗೆ 20 ಡಿಗ್ರಿ. ತೇಗ, ಬೀಟೆ, ಶ್ರೀಗಂಧಕ್ಕೆ, ಕೊಡತಿ ಪೆಟ್ಟು ಬೀಳುವ ಉಳಿಗೆ 25. ತೇಗದಲ್ಲಿ ಸಿಲಿಕಾ ಇರುವುದರಿಂದ ತೆಳು ಅಂಚು ಬೇಗ ಮೊಂಡಾಗುತ್ತದೆ. ಕೋನಮಾಪಕ ಇಟ್ಟು ಅಳೆಯುವ ಬದಲು ಓರೆಯ ಉದ್ದ ಅಳೆಯಿರಿ. ಅಲಗು 3 ಮಿಲಿಮೀಟರ್ ದಪ್ಪವಿದ್ದರೆ 20 ಡಿಗ್ರಿಗೆ ಓರೆ ಸುಮಾರು 9 ಮಿಲಿಮೀಟರ್ ಉದ್ದ ಬರುತ್ತದೆ, 25 ಡಿಗ್ರಿಗೆ 7. ಅಲಗು 2 ಮಿಲಿಮೀಟರ್ ಆದರೆ ಕ್ರಮವಾಗಿ ಸುಮಾರು 6 ಮತ್ತು 5. ಸಾಗರ, ಸೊರಬ, ಸಿರಸಿ ಕಡೆಯ ಗುಡಿಗಾರರು ಕೆತ್ತುವಂಥ ಬಿಡಿಬಿಡಿ ಬಳ್ಳಿ, ಎಲೆಗಳ ನವಿರು ಕೆಲಸ ಮಾಡುವುದಾದರೆ ಗಂಧದ ಮರಕ್ಕೂ ಸಣ್ಣ ಉಳಿಗಳನ್ನು 20ರ ಹತ್ತಿರ ಇಟ್ಟು, ಒಳ ಓರೆಯಿಂದ ಬಲ ಕೊಡುವುದು ಲೇಸು.

ಬಾಯಿ ತುಂಬ ಸವೆದಿದ್ದರೆ ಮಾತ್ರ ಗ್ರೈಂಡರ್. ನಮ್ಮಲ್ಲಿ ಸಿಗುವ 6 ಇಂಚಿನ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಕೆತ್ತನೆ ಉಳಿಯ ತೆಳು ಅಂಚಿಗೆ ಇದು ಬಹಳ ವೇಗ. ಅದರ ಜೊತೆ ಬರುವ ಬೂದು ಚಕ್ರ ಬಿಟ್ಟು 60 ಅಥವಾ 80 ನಂಬರಿನ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಹಾಕಿಸಿ. ಅದು ತಣ್ಣಗೆ ಕತ್ತರಿಸುತ್ತದೆ. ಪಕ್ಕದಲ್ಲಿ ನೀರಿನ ಡಬ್ಬಿ ಇರಲಿ, ಎರಡು ಮೂರು ಸೆಕೆಂಡಿಗೊಮ್ಮೆ ಅದ್ದಿ. ಕೈಗವಸು ಬೇಡ. ಬೆರಳು ಅಂಚಿನ ಹತ್ತಿರವೇ ಇದ್ದರೆ ಬಿಸಿ ಮೊದಲು ಬೆರಳಿಗೆ ತಿಳಿಯುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಉಕ್ಕು ಒಣಹುಲ್ಲಿನ ತಿಳಿ ಹಳದಿ ಬಣ್ಣಕ್ಕೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ಹುಲ್ಲುಬಣ್ಣದವರೆಗೆ ಅಪಾಯವಿಲ್ಲ, ನೀಲಿಯಾದ ಭಾಗ ಮೆತ್ತಗಾಯಿತು. ಬಿಳಿ ಗೆರೆ ಅರ್ಧ ಮಿಲಿಮೀಟರ್ ದಪ್ಪ ಉಳಿದಾಗಲೇ ಗ್ರೈಂಡರ್ ನಿಲ್ಲಿಸಿ. ತೆಳು ಅಂಚಿನಲ್ಲಿ ಬಿಸಿ ಹರಿದುಹೋಗಲು ಲೋಹವಿರುವುದಿಲ್ಲ, ಸುಡುವುದು ಆ ಕೊನೆಯ ಹಂತದಲ್ಲೇ.

ಅಲ್ಲಿಂದ ಮುಂದೆ ಕಲ್ಲು. 400 ಮತ್ತು 1000 ನಂಬರಿನ ಡೈಮಂಡ್ ಫಲಕ ಸಾಬೂನುನೀರಿನೊಂದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಎರಡು ಮೈಯ ಕಾರ್ಬೊರಂಡಮ್ ಕಲ್ಲೂ ಆಗುತ್ತದೆ, ಆದರೆ ಬಾಗುಳಿ ಅದರಲ್ಲಿ ಹಳ್ಳ ಮಾಡುತ್ತದೆ. ಚಪ್ಪಟೆ ಉಳಿ ಮಸೆಯುವ ಕಲ್ಲನ್ನು ಇದಕ್ಕೆ ಬಳಸಬೇಡಿ. ಕಲ್ಲು ನಿಮ್ಮೆದುರು ಎಡಬಲಕ್ಕೆ ಉದ್ದವಾಗಿರಲಿ, ಉಳಿಯ ಬಾಯಿ ನಿಮ್ಮಿಂದ ಆಚೆಗೆ. ಕಲ್ಲಿನ ಒಂದು ತುದಿಯಲ್ಲಿ ಓರೆಯ ಒಂದು ಮೂಲೆ ತಾಗುವಂತೆ ಇಟ್ಟು, ಪಕ್ಕಕ್ಕೆ ಸರಿಸುತ್ತ ಮಣಿಕಟ್ಟನ್ನು ಹೊರಳಿಸಿ. ಕಲ್ಲಿನ ಇನ್ನೊಂದು ತುದಿ ತಲುಪುವಾಗ ಇನ್ನೊಂದು ಮೂಲೆ ತಾಗಬೇಕು. ಹಿಡಿಯ ಎತ್ತರ ಮಾತ್ರ ಬದಲಾಗಬಾರದು. ಓರೆಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದರೆ ಎಲ್ಲಿ ತಾಗುತ್ತಿದೆ ಎಂದು ಎರಡೇ ಹೊರಳಿಗೆ ಕಾಣುತ್ತದೆ. ಬಣ್ಣ ಅಂಚಿನ ಹತ್ತಿರ ಮಾತ್ರ ಹೋಗುತ್ತಿದ್ದರೆ ಹಿಡಿ ಎತ್ತರವಾಗಿದೆ, ಹಿಮ್ಮಡಿಯಲ್ಲಿ, ಅಂದರೆ ಓರೆಯ ಹಿಂದಿನ ತುದಿಯಲ್ಲಿ, ಮಾತ್ರ ಹೋಗುತ್ತಿದ್ದರೆ ತಗ್ಗಾಗಿದೆ.

ಎರಡೂ ಮೂಲೆ ಮುಂದೆ ಚಾಚಿ ನಡು ಹಿಂದೆ ಸರಿದಿದ್ದರೆ, ಹೊರಳಿಸುವಾಗ ನಡುವಿನಲ್ಲಿ ಹೆಚ್ಚು ಹೊತ್ತು ನಿಂತಿದ್ದೀರಿ. ಮೂಲೆಗಳು ಉರುಟಾಗಿದ್ದರೆ ಅಂಚು ದಾಟಿ ಹೊರಳಿಸಿದ್ದೀರಿ. ಇದು ಹೆಚ್ಚು ಕೆಟ್ಟದ್ದು, ಏಕೆಂದರೆ ಕಿರಿದಾದ ಮೂಲೆಗಳನ್ನು ಚೊಕ್ಕ ಮಾಡಲು ಬೇಕಾಗುವುದು ಆ ಚೂಪು ಮೂಲೆಯೇ. ಎರಡಕ್ಕೂ ಮದ್ದು ಒಂದೇ: ಮತ್ತೆ ಲಂಬವಾಗಿ ನಿಲ್ಲಿಸಿ ಬಾಯಿ ನೇರ ಮಾಡಿ, ಹೊಸ ಬಿಳಿ ಗೆರೆಯಿಂದ ಶುರು. ಅಲೆಯನ್ನು ಹಾಗೇ ತಿದ್ದಲು ಹೋದರೆ ಇನ್ನೊಂದು ಕಡೆ ಅಲೆ ಏಳುತ್ತದೆ.

ಗೆರೆ ಹೋದ ಮೇಲೆ ದೋಣಿಯ ಒಳಗೆ ಬೆರಳಿನಿಂದ ಹೊರಕ್ಕೆ ಸವರಿ. ಅಂಚಿನುದ್ದಕ್ಕೂ ತೆಳು ಬರ್, ಅಂದರೆ ಮಸೆದಾಗ ಆಚೆಗೆ ಮಗುಚಿದ ಲೋಹದ ಎಳೆ, ಸಿಗಬೇಕು. ಒಂದು ಕಡೆ ಸಿಗದಿದ್ದರೆ ಅಲ್ಲಿ ಇನ್ನೂ ಮಸೆದಿಲ್ಲ. 1500ರ ಕಾಗದ ಸುತ್ತಿದ ಕಡ್ಡಿಯಿಂದ ಒಳಗೆ ನಾಲ್ಕೈದು ಸಲ ಎಳೆದರೆ ಬರ್ ಹೊರಕ್ಕೆ ಮಗುಚುತ್ತದೆ. ಹೊರಗೆ 1000ರಲ್ಲಿ ಎರಡು ಹೊರಳು, ಮತ್ತೆ ಒಳಗೆ. ಹೀಗೆ ಅದು ತೆಳುವಾಗುತ್ತ ಹೋಗಲಿ. ಓರೆಯ ಹಿಮ್ಮಡಿಯ ಚೂಪು ಗೆರೆಯನ್ನೂ ಈಗಲೇ ಉರುಟು ಮಾಡಿಬಿಡಿ. ಇಲ್ಲದಿದ್ದರೆ ಕುಳಿ ಕೆತ್ತುವಾಗ ಅದು ಹಿಂದಿನಿಂದ ಮರವನ್ನು ಜಜ್ಜುತ್ತದೆ.

ಕೊನೆಯ ಹರಿತ ಚರ್ಮದ ಮೇಲೆ. ಹೊರಮೈಗೆ ಹಲಗೆಗೆ ಅಂಟಿಸಿದ ಬೆಲ್ಟಿನ ಚರ್ಮ, ಅದರ ಮೇಲೆ ಪಾಲಿಶ್ ಅಂಗಡಿಯ ಹಸಿರು ಬಾರ್, ಅಂದರೆ ಕ್ರೋಮಿಯಂ ಆಕ್ಸೈಡ್. ಒಳಮೈಗೆ ಮೆತ್ತಗಿನ ಮರದ ತುಂಡಿನ ಅಂಚನ್ನು ದೋಣಿಯ ಆಕಾರಕ್ಕೆ ಉಬ್ಬಾಗಿ ಕೆತ್ತಿ ಅದೇ ಹಸಿರು ಬಳಿಯಿರಿ. ಯಾವಾಗಲೂ ಬಾಯಿ ಹಿಂದಿರುವಂತೆ ಎಳೆಯಬೇಕು, ತಳ್ಳಬಾರದು. ಒಳಗೂ ಹೊರಗೂ 15ರಿಂದ 20 ಸಲ. ಎಳೆದು ಮುಗಿಸುವಾಗ ಹಿಡಿ ಮೇಲೆತ್ತಿದರೆ ಅಂಚು ಉರುಟಾಗುತ್ತದೆ. ಮಸೆದ ಉಳಿ ಚರ್ಮಕ್ಕೆ ಎಳೆದ ಮೇಲೆ ಮೊದಲಿಗಿಂತ ಮೊಂಡಾಯಿತು ಎಂದು ಹೇಳುವವರ ತೊಂದರೆ ಬಹುತೇಕ ಇದೇ.

ಪರೀಕ್ಷೆಗೆ ಕೈ ಮೇಲಿನ ಕೂದಲು ಬೇಡ. ಮೆತ್ತಗಿನ ಮರದಲ್ಲಿ ಎಳೆಗೆ ಅಡ್ಡಲಾಗಿ ಒಂದು ಕಾಲುವೆ ತೆಗೆಯಿರಿ. ತಳ ಹೊಳೆಯಬೇಕು, ಅಂಚುಗಳು ಹರಿಯದೆ ಚೊಕ್ಕವಾಗಿರಬೇಕು. ತಳದಲ್ಲಿ ಬಿಳಿ ಗೀರು ಕಂಡರೆ ಅದೇ ಜಾಗಕ್ಕೆ ಅಂಚಿನಲ್ಲಿ ಹಲ್ಲು ಉಳಿದಿದೆ, ಇಲ್ಲವೇ ದೋಣಿಯಲ್ಲಿ ಗುಳಿ ಉಳಿದಿದೆ. ಭೂತಗನ್ನಡಿಯಿಂದ ಯಾವುದೆಂದು ನೋಡಿ. ಗುಳಿಯಾದರೆ ಹೊರಗೆ ಮಸೆಯುವುದು ವ್ಯರ್ಥ, ಒಳಗೇ ಹೋಗಬೇಕು.

ವಿ ಉಳಿಯ ರಗಳೆ ಬೇರೆ. ಅದು ಎರಡು ಚಪ್ಪಟೆ ಉಳಿಗಳು ಕೂಡಿದಂತೆ, ಆದರೆ ಕೂಡುವ ತಳದಲ್ಲಿ ಲೋಹ ಹೆಚ್ಚು ದಪ್ಪ. ಎರಡೂ ರೆಕ್ಕೆಗಳನ್ನು ಸಮವಾಗಿ ಮಸೆದ ಮೇಲೆ ತಳದಲ್ಲಿ ಸಣ್ಣ ಕೊಕ್ಕೆಯೊಂದು ಮುಂದೆ ಚಾಚುತ್ತದೆ. ಅದನ್ನು ಅತಿ ಕಿರಿದಾದ ಬಾಗುಳಿ ಎಂದು ಭಾವಿಸಿ, ಹೊರಗಿನ ಬೆನ್ನನ್ನು ಕಲ್ಲಿನ ಮೇಲೆ ಮೆಲ್ಲಗೆ ಹೊರಳಿಸಿ. ಕೊಕ್ಕೆ ಹೋದ ಕೂಡಲೇ ನಿಲ್ಲಿಸದಿದ್ದರೆ ಅಲ್ಲಿ ಕಚ್ಚು ಬೀಳುತ್ತದೆ, ಮತ್ತೆ ಬಾಯಿ ನೇರ ಮಾಡುವುದೇ ಗತಿ. ಒಳಗೆ ಚೂಪು ಅಂಚಿನ ಸ್ಲಿಪ್ ಕಲ್ಲು, ಅಂದರೆ ಒಳಮೈ ಮಸೆಯುವ ಚಿಕ್ಕ ಕಲ್ಲು, ಬೇಕು. ಅದರ ಅಂಚು ಮೊಂಡಾಗಿದ್ದರೆ ತಳಕ್ಕೆ ತಲುಪುವುದೇ ಇಲ್ಲ.

ಅರ ಕಚ್ಚಿದ ಉಳಿಗೆ ಮತ್ತೆ ಹದ ಹಾಕಬಹುದು. ಹಿಡಿ ಬಿಚ್ಚಿ, ತುದಿಯ 3 ಸೆಂಟಿಮೀಟರನ್ನು ಅಯಸ್ಕಾಂತ ಹಿಡಿಯದಷ್ಟು ಕಾಯಿಸಬೇಕು. ಇಂಗಾಲದ ಉಕ್ಕಿಗೆ ಅದು 770 ಡಿಗ್ರಿಯ ಹತ್ತಿರ, ನೆರಳಿನಲ್ಲಿ ಕೆಂಪಾಗಿ ಕಾಣುತ್ತದೆ. ಇನ್ನು ತುಸು ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ನೇರವಾಗಿ ಇಳಿಸಿ. ಓರೆಯಾಗಿ ಇಳಿಸಿದರೆ ಅಲಗು ಸೊಟ್ಟಗಾಗುತ್ತದೆ. ಯಾವ ಉಕ್ಕೆಂದು ಗೊತ್ತಿಲ್ಲದಿದ್ದರೆ ನೀರಿಗೆ ಹಾಕಬೇಡಿ, ತೆಳು ಬಾಯಿ ಬಿರುಕು ಬಿಡಬಹುದು. ಎಣ್ಣೆಯಿಂದ ತೆಗೆದ ಉಕ್ಕು ಗಾಜಿನಂತೆ ಮುರಿಯುವುದರಿಂದ ಅಡುಗೆಮನೆಯ ಓವನ್ನಿನಲ್ಲಿ 200ರಿಂದ 220 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಡಬೇಕು. ಬಾಯಿ ಮಸೆಯುವ ಮೊದಲೇ, ಅಂಚು 1 ಮಿಲಿಮೀಟರಿನಷ್ಟು ದಪ್ಪ ಇರುವಾಗಲೇ ಇದನ್ನು ಮಾಡಿ. ಹತ್ತಿರದಲ್ಲಿ ಅನುಭವಿ ಕಮ್ಮಾರರಿದ್ದರೆ ಅವರಿಗೇ ಕೊಡುವುದು ಉತ್ತಮ.

ಕೆತ್ತುತ್ತಿರುವಾಗ ಅರ್ಧ ಗಂಟೆಗೊಮ್ಮೆ ಚರ್ಮಕ್ಕೆ ಎಳೆದರೆ ತಿಂಗಳುಗಟ್ಟಲೆ ಕಲ್ಲು ಬೇಕಾಗುವುದಿಲ್ಲ. ಚರ್ಮದಿಂದ ಹರಿತ ಬಾರದಿದ್ದಾಗ 1000ರಲ್ಲಿ ಏಳೆಂಟು ಹೊರಳು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಬಟ್ಟೆಯ ಸುರುಳಿಯಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಅದು ಕಮಟಾಗುತ್ತದೆ. ಎಣ್ಣೆ ಸವರುವಾಗ ದೋಣಿಯೊಳಗೂ ಹೋಗಲಿ, ಬೆವರುಗೈಯ ಉಪ್ಪು ಸೇರಿಕೊಂಡು ತುಕ್ಕು ಮೊದಲು ಏಳುವುದು ಅಲ್ಲೇ.